ನಾಲಿಗೆಯಡಿ ಎಣ್ಣೆ ಬಿಟ್ಟರೆ ಹಸಿವು ಹುಟ್ಟುವುದಿಲ್ಲ

ಕೋಲಾರ ಜಿಲ್ಲೆಯ ಗೌನಿಪಲ್ಲಿಯ ಕಡೆ ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಯವರು ಸುಮ್ಮನಿರುವುದಿಲ್ಲ. ಬಾಯಿ ತೆರೆಸಿ ನಾಲಿಗೆ ನೋಡುತ್ತಾರೆ, ಕಿವಿ ಮುಟ್ಟಿ ಜ್ವರ ನೋಡುತ್ತಾರೆ, ಮೆಲುಕು ಹಾಕಿತೇ, ಸಗಣಿ ಹೇಗಿದೆ ಎಂದು ವಿಚಾರಿಸುತ್ತಾರೆ, ಡೈರಿಯ ಡಾಕ್ಟರಿಗೆ ಫೋನು ಹೋಗುತ್ತದೆ. ಅದೇ ಮನೆಯಲ್ಲಿ ಎಂಬತ್ತು ದಾಟಿದ ತಾತ ಮೂರು ತಿಂಗಳಿಂದ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದರೆ ‘ವಯಸ್ಸಾಯ್ತಲ್ಲ’ ಎಂಬ ಒಂದು ಮಾತಿನಲ್ಲಿ ವಿಷಯ ಮುಗಿಯುತ್ತದೆ. ಮುಗಿಯದೆ ಉಳಿದರೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗನ ಕಿವಿಗೆ ಬೀಳುತ್ತದೆ. ಅವನು ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾನೆ. ಮೊದಲೆಲ್ಲ ಇಂಥ ಹುಡುಕಾಟದ ಕೊನೆಗೆ ಒಂದು ಟಾನಿಕ್ಕು ಬರುತ್ತಿತ್ತು, ಆಮೇಲೆ ಪ್ರೊಟೀನ್ ಪುಡಿಯ ಡಬ್ಬಿ ಬರತೊಡಗಿತು. ಈಗ ಆ ಸಾಲಿಗೆ ಸೇರುತ್ತಿರುವುದು ಸಿಬಿಡಿ ಎಣ್ಣೆ: ಗಾಂಜಾ ಗಿಡದಿಂದ ತೆಗೆದದ್ದು, ಆದರೆ ಅಮಲಿಲ್ಲ; ಗಿಡಮೂಲಿಕೆ, ಆದ್ದರಿಂದ ಅಪಾಯವಿಲ್ಲ; ನಮ್ಮ ಆಯುರ್ವೇದದಲ್ಲೂ ಇತ್ತು; ನಾಲಿಗೆಯಡಿ ನಾಲ್ಕು ಹನಿ ಬಿಟ್ಟರೆ ವಯಸ್ಸಾದವರ ಹಸಿವು ಮರಳುತ್ತದೆ.

ಓದಿದವರೇ ಈ ಮಾತನ್ನು ಹೆಚ್ಚು ನಂಬುತ್ತಾರೆ. ಇದರ ಬುಡದಲ್ಲೇ ಒಂದು ತಪ್ಪಿದೆ.

ಗಾಂಜಾ ಸೇದಿದವನಿಗೆ ವಿಪರೀತ ಹಸಿವಾಗುತ್ತದೆ ಎಂಬುದು ಸುಳ್ಳಲ್ಲ. ನಮ್ಮ ಹಳ್ಳಿಗಳ ಹಿರಿಯರಿಗೆ ಅದು ವಿಜ್ಞಾನಿಗಳು ಹೇಳುವ ಮೊದಲೇ ಗೊತ್ತಿತ್ತು. ಆದರೆ ಆ ಹಸಿವು ಹುಟ್ಟಿಸುವುದು ಸಿಬಿಡಿ ಅಲ್ಲ, ಅದೇ ಗಿಡದ ಇನ್ನೊಂದು ರಾಸಾಯನಿಕವಾದ ಟಿಎಚ್‌ಸಿ. ಅಮಲು ಬರಿಸುವುದೂ ಅದೇ. ಸಿಬಿಡಿಯನ್ನು 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಗಿಡದಿಂದ ಬೇರ್ಪಡಿಸಿದರು. ಅದರ ರಚನೆಯನ್ನು 1963ರಲ್ಲಿ ಬಿಡಿಸಿಟ್ಟವರು ಇಸ್ರೇಲಿನ ರಾಫೆಲ್ ಮೆಕೋಲಮ್; ಮರುವರ್ಷ ಅವರ ತಂಡವೇ ಟಿಎಚ್‌ಸಿಯನ್ನೂ ಶುದ್ಧರೂಪದಲ್ಲಿ ತೆಗೆಯಿತು. ಮಿದುಳಿನಲ್ಲಿ ಸಿಬಿ1 ಎಂಬ ಗ್ರಾಹಕಗಳಿವೆ. ಟಿಎಚ್‌ಸಿ ಅವುಗಳ ಮೇಲೆ ಕೂತು ಎಬ್ಬಿಸಿದಾಗ ಊಟದ ವಾಸನೆ, ರುಚಿ, ಆಸೆ ಎಲ್ಲವೂ ಏರುತ್ತವೆ. ಸಿಬಿಡಿ ಅವುಗಳನ್ನು ಹಾಗೆ ಎಬ್ಬಿಸುವುದಿಲ್ಲ, ಅದರಿಂದಲೇ ಅದಕ್ಕೆ ಅಮಲೂ ಇಲ್ಲ. ಆ ಗ್ರಾಹಕಗಳನ್ನು ಮುಚ್ಚಿದರೆ ಹಸಿವು ಇಳಿಯುತ್ತದೆ ಎಂಬುದನ್ನು ಔಷಧ ಕಂಪನಿಗಳೇ ತೋರಿಸಿವೆ: ಸಿಬಿ1 ಮುಚ್ಚುವ ರಿಮೊನಾಬಂಟ್ ಎಂಬ ಗುಳಿಗೆ ಬೊಜ್ಜು ಕರಗಿಸಲೆಂದು 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು, ತಿಂದವರಲ್ಲಿ ಖಿನ್ನತೆ ಕಾಣಿಸಿಕೊಂಡದ್ದರಿಂದ 2008ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ಹೀಗಿರುವಾಗ ‘ಅಮಲಿಲ್ಲ, ಆದರೆ ಹಸಿವು ತರುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳುವವನು ಎರಡು ರಾಸಾಯನಿಕಗಳ ಗುಣವನ್ನು ಒಂದೇ ಸೀಸೆಗೆ ಅಂಟಿಸುತ್ತಿದ್ದಾನೆ. ಈ ಗಿಡದ ಜಾಡಿನಲ್ಲೇ ಹಸಿವಿಗೆಂದು ಬಂದ ಔಷಧ ಉಂಟು. ಟಿಎಚ್‌ಸಿಯ ಕೃತಕ ರೂಪವಾದ ಡ್ರೊನಾಬಿನಾಲ್‌ಗೆ ಅಮೆರಿಕ 1985ರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವಾಕರಿಕೆಗೆಂದು, 1992ರಲ್ಲಿ ಏಡ್ಸ್ ರೋಗಿಗಳು ಊಟ ಬಿಟ್ಟು ಸೊರಗುವುದಕ್ಕೆಂದು ಒಪ್ಪಿಗೆ ಕೊಟ್ಟಿತು. ಸಿಬಿಡಿಗೆ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ, ಎಪಿಡಿಯೊಲೆಕ್ಸ್ ಎಂಬ ಹೆಸರಿನಲ್ಲಿ, ಮಕ್ಕಳನ್ನು ಕಾಡುವ ಎರಡು ಕಠಿಣ ಮೂರ್ಛೆರೋಗಗಳಿಗೆ. ಅಲ್ಲಿ ಅದು ನಿಜಕ್ಕೂ ಉಪಕಾರ ಮಾಡಿದೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಔಷಧದ ಜೊತೆಗೆ ಬರುವ ಹಾಳೆಯಲ್ಲಿ ಅಡ್ಡಪರಿಣಾಮಗಳ ಪಟ್ಟಿಯನ್ನು ಒಮ್ಮೆ ಓದಬೇಕು. ಹಸಿವು ಕುಗ್ಗುವುದು ಅದರಲ್ಲಿ ಮುಖ್ಯವಾದದ್ದು. ಪ್ರಯೋಗದಲ್ಲಿ ಬರೀ ಹುಸಿ ಔಷಧ ಕುಡಿದವರಲ್ಲಿ ನೂರಕ್ಕೆ 5 ಮಂದಿಗೆ ಹಸಿವು ಕಡಿಮೆಯಾದರೆ, ದಿನಕ್ಕೆ ಮೈತೂಕದ ಕೆಜಿಗೆ 10 ಮಿಲಿಗ್ರಾಂ ಸಿಬಿಡಿ ಕುಡಿದವರಲ್ಲಿ 16 ಮಂದಿಗೆ, 20 ಮಿಲಿಗ್ರಾಂ ಕುಡಿದವರಲ್ಲಿ 22 ಮಂದಿಗೆ ಹಾಗಾಯಿತು. ತೂಕ ಇಳಿಯುವುದು, ಭೇದಿ, ತೂಕಡಿಕೆ, ಯಕೃತ್ತಿನ ಕಿಣ್ವಗಳು ಏರುವುದು ಇವೂ ಅದೇ ಪಟ್ಟಿಯಲ್ಲಿವೆ. ಊಟ ಸೇರದ ಮುದುಕರಿಗೆ ಬೇಡವಾದದ್ದನ್ನೆಲ್ಲ ಹುಡುಕಿ ಒಂದೆಡೆ ಬರೆದಂತಿದೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಅದು ದೊಡ್ಡ ಪ್ರಮಾಣ, ನಮ್ಮದು ಹನಿಗಳ ಲೆಕ್ಕ. ಇರಬಹುದು. ಐವತ್ತು ಕೆಜಿ ತೂಗುವವರಿಗೆ ಆ ಪ್ರಮಾಣ ದಿನಕ್ಕೆ 500ರಿಂದ 1,000 ಮಿಲಿಗ್ರಾಂ ಆಗುತ್ತದೆ. ಸೀಸೆಯ ಹನಿಗಳಲ್ಲಿ ಇರುವುದು ಅದರ ಒಂದು ಚೂರು ಮಾತ್ರ. ಹೆಚ್ಚು ಕೊಟ್ಟಾಗ ಹಸಿವು ಇಳಿಸುವ ವಸ್ತು ಕಡಿಮೆ ಕೊಟ್ಟಾಗ ಹಸಿವು ಏರಿಸುತ್ತದೆ ಎಂದು ವಯಸ್ಸಾದವರ ಮೇಲೆ ತೋರಿಸಿಕೊಟ್ಟ ಪ್ರಯೋಗ ಯಾವುದು ಎಂದು ಮಾರುವವರನ್ನು ಕೇಳಿ. ಹಾನಿ ಮಾಡಲಾರದಷ್ಟು ಕಡಿಮೆ ಎನ್ನುವವರು ಗುಣ ಮಾಡಲಾರದಷ್ಟು ಕಡಿಮೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹಾಗಾದರೆ ಟಿಎಚ್‌ಸಿಯೂ ಇರುವ ಪೂರ್ಣ ಗಿಡದ ಎಣ್ಣೆಯನ್ನೇ ಕೊಡೋಣ ಎಂದು ಮುಂದುವರಿಯುವವರೂ ಇದ್ದಾರೆ. ಅದನ್ನೂ ಪರೀಕ್ಷಿಸಿ ನೋಡಿದ್ದಾಗಿದೆ. ಕ್ಯಾನ್ಸರಿನಿಂದ ಹಸಿವು ಸತ್ತು ಸೊರಗುತ್ತಿದ್ದ 243 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಟಿಎಚ್‌ಸಿ ಮತ್ತು ಸಿಬಿಡಿ ಎರಡೂ ಇರುವ ಗಿಡದ ಸಾರ, ಇನ್ನೊಂದಕ್ಕೆ ಬರೀ ಟಿಎಚ್‌ಸಿ, ಮತ್ತೊಂದಕ್ಕೆ ಹುಸಿ ಔಷಧ ಕೊಟ್ಟ ಯುರೋಪಿನ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹಸಿವಿನ ವಿಷಯದಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ ಟಿಎಚ್‌ಸಿ ಎಂದರೆ ಮುದುಕರಿಗೆ ತಲೆ ಸುತ್ತು, ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದು, ಬುದ್ಧಿ ಮಂಕಾಗುವುದು. ರಾತ್ರಿ ಬಚ್ಚಲಿಗೆಂದು ಎದ್ದ ಅಜ್ಜಿ ಅಂಗಳದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮುಂದಿನ ಕಥೆ ಎಲ್ಲರಿಗೂ ಗೊತ್ತು.

ಆಯುರ್ವೇದದ ಹೆಸರು ಹೇಳುವವರಿಗೆ ಇನ್ನೊಂದು ಮಾತು. ವಿಜಯಾ ಎಂದು ಕರೆಯುವ ಭಂಗಿ ಸೊಪ್ಪು ನಮ್ಮ ವೈದ್ಯರ ಚೂರ್ಣಗಳಲ್ಲಿ, ಲೇಹಗಳಲ್ಲಿ ಇತ್ತು. ಅಗ್ನಿಮಾಂದ್ಯಕ್ಕೆ, ಗ್ರಹಣಿಗೆ ಕೊಡುತ್ತಿದ್ದರು. ಆದರೆ ಅವರು ಕೊಟ್ಟದ್ದು ಶೋಧಿಸಿದ ಎಲೆ, ಶುಂಠಿ, ಜಾಯಿಕಾಯಿಯಂಥ ಹತ್ತು ದ್ರವ್ಯಗಳ ಜೊತೆ. ಅದರ ಮದಕಾರಿ ಗುಣವನ್ನು ಅವರು ಬಚ್ಚಿಡಲಿಲ್ಲ. ಕಾರ್ಖಾನೆಯಲ್ಲಿ ಒಂದೇ ಅಣುವನ್ನು ಬೇರ್ಪಡಿಸಿ ಕೊಬ್ಬರಿಯ ಎಣ್ಣೆಯಲ್ಲಿ ಕರಗಿಸಿದ್ದಕ್ಕೆ ಅವರ ಸಹಿ ಹಾಕಿಸುವುದು ಮೋಸ. ಅದೇ ಆಯುರ್ವೇದ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿ ಹೇಳುವುದು ನಿದಾನ ಪರಿವರ್ಜನ, ಎಂದರೆ ಕಾರಣ ಹುಡುಕಿ ಅದನ್ನು ತೆಗೆದುಹಾಕುವುದು. ವಿಜಯಾ ಹೆಸರನ್ನು ಎತ್ತಿಕೊಂಡವರು ಇದನ್ನು ಮಾತ್ರ ಗ್ರಂಥದಲ್ಲೇ ಬಿಟ್ಟುಬಂದಿದ್ದಾರೆ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಕಾಯಿಗಳ ತುದಿ. ಬಿಡಿ ಎಲೆ ಆ ವ್ಯಾಖ್ಯೆಯ ಹೊರಗಿದೆ. ಭಂಗಿ ಆ ಕಾಯ್ದೆಯೊಳಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಹೇಳಿತು. ಎಲೆಯ ಸಾರದ ಔಷಧಿಗಳು ಆಯುಷ್ ಪರವಾನಗಿಯಲ್ಲಿ ಮಾರಾಟವಾಗುವುದು ಈ ಸಂದಿಯಲ್ಲೇ. 2020ರಲ್ಲಿ ಕೋರಮಂಗಲದಲ್ಲಿ ಇಂಥ ಔಷಧಿಗಳ ಕ್ಲಿನಿಕ್ ತೆರೆದಾಗ ದೇಶದಲ್ಲೇ ಮೊದಲನೆಯದೆಂದು ಸುದ್ದಿಯಾಯಿತು. ಆದರೆ ಔಷಧ ನಿಯಮಗಳಲ್ಲಿ ಭಂಗಿ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂದು ಸೀಸೆಯ ಮೇಲೆ ಬರೆದಿರಲೇಬೇಕು. ಕಾನೂನು ಒಪ್ಪಿದೆ ಎಂಬುದನ್ನು ಔಷಧ ಫಲ ಕೊಡುತ್ತದೆ ಎಂದು ಓದಿಕೊಳ್ಳುವುದು ನಮ್ಮ ಮಧ್ಯಮವರ್ಗದ ಹೊಸ ಅಭ್ಯಾಸ. ಇದರ ನಡುವೆ ಆಹಾರವೆಂದು ಮಾರಲು 2021ರಲ್ಲಿ ಒಪ್ಪಿಗೆ ಸಿಕ್ಕ ಹೆಂಪ್ ಬೀಜದ ಎಣ್ಣೆಯನ್ನೇ ಸಿಬಿಡಿ ಎಂದುಕೊಂಡು ಕೊಳ್ಳುವವರೂ ಇದ್ದಾರೆ. ಅದರಲ್ಲಿ ಸಿಬಿಡಿ ಇದ್ದರೂ ಹೆಸರಿಗಷ್ಟೆ. ಸೀಸೆಯ ಮೇಲಿನ ಬರಹವನ್ನಾದರೂ ನಂಬಬಹುದೇ? ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದ 84 ಸಿಬಿಡಿ ಸರಕುಗಳನ್ನು ತರಿಸಿ ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯಾದದ್ದು ನೂರಕ್ಕೆ 31 ಮಾತ್ರ. ಆ 84ರ ಪೈಕಿ ಹದಿನೆಂಟರಲ್ಲಿ ಟಿಎಚ್‌ಸಿ ಪತ್ತೆಯಾಯಿತು. ಸೂಟ್‌ಕೇಸಿನಲ್ಲಿ ಅಲ್ಲಿಂದ ತಂದದ್ದು ಶುದ್ಧ ಎಂಬ ಭಕ್ತಿ ಇರುವವರಿಗೆ ಈ ಲೆಕ್ಕ.

ಇಷ್ಟು ಎಣ್ಣೆಯ ಮಾತು. ಎಣ್ಣೆಗಿಂತ ನನಗೆ ಸಿಟ್ಟು ಬರುವುದು ಅದು ಏನನ್ನು ನೋಡದಂತೆ ಮಾಡುತ್ತದೆ ಎಂಬುದರ ಮೇಲೆ. ಮುದುಕರು ಊಟ ಬಿಡುವುದಕ್ಕೆ ಈ ಸೀಮೆಯಲ್ಲಿ ಕಾರಣಗಳಿಗೆ ಬರವಿಲ್ಲ.

ಹಲ್ಲಿನಿಂದ ತೊಡಗೋಣ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆದ್ದರಿಂದ ಬಾಯಲ್ಲಿ ನಾಲ್ಕೇ ಹಲ್ಲು ಉಳಿದಿದ್ದರೂ ಕೋಲಾರದ ಮುದುಕರ ಊಟ ಹೊರಗಿನವರ ಕಣ್ಣಿಗೆ ಮಾಮೂಲಾಗಿಯೇ ಕಾಣುತ್ತದೆ. ತಟ್ಟೆಯಿಂದ ಮೊದಲು ಮಾಯವಾಗುವುದು ಅವರೆಕಾಳು, ಹುರುಳಿ, ಕಡಲೆಕಾಯಿ, ಮಾಂಸದ ತುಂಡು. ಎಂದರೆ ಮೈಗೆ ಮಾಂಸ ಕೊಡುವುದೆಲ್ಲ. ತಿಳಿ ಸಾರು, ಮುದ್ದೆ ಮಾತ್ರ ಒಳಗೆ ಹೋಗುತ್ತವೆ, ಮನೆಯವರಿಗೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ, ನೀರಿನಲ್ಲಿ ಫ್ಲೋರೈಡ್ ಮಿಕ್ಕಿದ ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳಲ್ಲಿ ಹಲ್ಲೂ ಕೀಲೂ ಬೇಗ ಕೆಡುವುದು ಹೊಸ ಸಂಗತಿಯಲ್ಲ. ಕೀಲು ನೋವಿಗೆ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ನೋವಿನ ಗುಳಿಗೆ, ಗುಳಿಗೆಯಿಂದ ಹೊಟ್ಟೆಯುರಿ, ಹೊಟ್ಟೆಯುರಿಗೆ ಹೆದರಿ ಊಟ ಬಿಡುವುದು. ಇದರಲ್ಲಿ ಸಿಬಿಡಿ ಯಾವ ಕೊಂಡಿಯನ್ನು ಬಿಡಿಸುತ್ತದೆ?

ಗುಳಿಗೆಗಳ ಚೀಲವೇ ಒಂದು ಕಾರಣ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮನೆಬಾಗಿಲಲ್ಲೇ ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ನಮ್ಮ ಕೋಲಾರ ಜಿಲ್ಲೆಯಿಂದಲೇ ಆರಂಭವಾಯಿತು. ಒಳ್ಳೆಯ ಕೆಲಸ. ಆದರೆ ಸಕ್ಕರೆಗೆ ಎಲ್ಲರೂ ನುಂಗುವ ಮೆಟ್‌ಫಾರ್ಮಿನ್ ಕೆಲವರಲ್ಲಿ ಹಸಿವು ಕುಗ್ಗಿಸುತ್ತದೆ, ಬಾಯಿ ರುಚಿ ಕೆಡಿಸುತ್ತದೆ, ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಸಿ ನಾಲಿಗೆ ಉರಿಸುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ ಇವೂ ಊಟದ ಮೇಲಿನ ಆಸೆ ಕೊಲ್ಲಬಲ್ಲವು. ಪ್ರಮಾಣ ತಗ್ಗಿಸುವುದೋ, ಬದಲಿಸುವುದೋ ಡಾಕ್ಟರ ಕೈಯಲ್ಲಿ ಹತ್ತು ನಿಮಿಷದ ಕೆಲಸ. ನಾವು ಮಾಡುವುದು ಆ ಚೀಲಕ್ಕೆ ಇನ್ನೊಂದು ಸೀಸೆ ಸೇರಿಸುವುದು. ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ತಡೆಯುವ ವಸ್ತು. ಸ್ಟೆಂಟ್ ಹಾಕಿಸಿಕೊಂಡವರ ಕ್ಲೋಪಿಡೋಗ್ರೆಲ್ ಕೆಲಸಕ್ಕೆ ಬರಲು ಬೇಕಾದ ಕಿಣ್ವವೂ ಅದರಲ್ಲಿ ಒಂದು. ಹೃದಯದ ಕವಾಟ ಬದಲಿಸಿಕೊಂಡವರು ನುಂಗುವ ವಾರ್ಫರಿನ್ ಸಿಬಿಡಿಯ ಜೊತೆ ಸೇರಿ ರಕ್ತ ವಿಪರೀತ ತೆಳುವಾದ ಪ್ರಕರಣ ವೈದ್ಯ ಸಾಹಿತ್ಯದಲ್ಲಿ ದಾಖಲಾಗಿದೆ. ಗಿಡಮೂಲಿಕೆ ಏನೂ ಮಾಡುವುದಿಲ್ಲವಂತೆ!

ಕ್ಷಯದ ಮಾತು ಇನ್ನೂ ಮುಖ್ಯ. ಗಡಿಯಾಚೆ ಮದನಪಲ್ಲಿಯ ಬಳಿ ಆರೋಗ್ಯವರಂನ ಕ್ಷಯ ಆಸ್ಪತ್ರೆ ನೂರು ವರ್ಷಕ್ಕೂ ಹಳೆಯದು. ಔಷಧವೇ ಇಲ್ಲದ ಕಾಲದಲ್ಲಿ ಶುದ್ಧ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ ಕೊಟ್ಟು ತೂಕ ನೋಡುತ್ತಾ ಕೂತ ಚಿಕಿತ್ಸಾಲಯಗಳ ಸಾಲಿಗೆ ಸೇರಿದ್ದು. ಅಷ್ಟು ಹತ್ತಿರದಲ್ಲಿದ್ದೂ ನಾವು ಮರೆತದ್ದೇನೆಂದರೆ ವಯಸ್ಸಾದವರಲ್ಲಿ ಕ್ಷಯ ಎಷ್ಟೋ ಸಲ ಸಿನಿಮಾದಂತೆ ರಕ್ತ ಕಕ್ಕಿಸುತ್ತಾ ಬರುವುದಿಲ್ಲ. ಜೋರು ಕೆಮ್ಮಿಲ್ಲ, ಜೋರು ಜ್ವರವಿಲ್ಲ. ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ, ಸುಸ್ತು, ಅಷ್ಟೆ. ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಎರಡು ಮೂರು ಪಟ್ಟು. ಕಫದಲ್ಲಿ ಕ್ಷಯ ಪತ್ತೆ ಮಾಡುವ ಟ್ರೂನಾಟ್ ಯಂತ್ರದ ಹಿಂದಿರುವುದು ಬೆಂಗಳೂರಿನದೇ ಪ್ರಯೋಗಾಲಯ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆ ಉಚಿತ, ಔಷಧ ಉಚಿತ, ಊಟಕ್ಕೆಂದು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ. ಇಷ್ಟೆಲ್ಲ ಇರುವಾಗ ಮೂರು ತಿಂಗಳು ಎಣ್ಣೆ ಬಿಡುತ್ತಾ ಕಾದರೆ, ಅದೇ ಮಂಚದ ಪಕ್ಕ ಮಲಗುವ ಮೊಮ್ಮಕ್ಕಳಿಗೂ ಹಂಚಿದಂತೆ. ಕೊನೆಗೆ ಕ್ಷಯವೆಂದು ಗೊತ್ತಾಗಿ ಯಕೃತ್ತಿಗೆ ಭಾರವಾದ ಆ ಗುಳಿಗೆಗಳನ್ನು ಶುರು ಮಾಡಿದಾಗಲೂ ಯಕೃತ್ತನ್ನೇ ಕಾಡುವ ಸಿಬಿಡಿ ಗುಟ್ಟಾಗಿ ಮುಂದುವರಿಯುತ್ತಿದ್ದರೆ ಏನಾಗಬಹುದೆಂದು ಯೋಚಿಸಿ.

ಉಪ್ಪಿನ ಕಥೆ ಬೇರೆ. ಬಿಪಿ ಇದೆಯೆಂದು ಡಾಕ್ಟರು ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ, ಸೊಸೆ ಭಯದಿಂದ ಪೂರ್ತಿ ಬಿಡುತ್ತಾಳೆ. ಸಕ್ಕರೆ ಇದೆಯೆಂದು ಮಾವಿನ ನಗರಿ ಎನಿಸಿಕೊಂಡ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ತಾನೇ ನೆಟ್ಟ ತೋಟದ ಬಾದಾಮಿ ಮಾವಿನ ಒಂದು ಹೋಳೂ ತಾತನಿಗೆ ಸಿಗುವುದಿಲ್ಲ. ಖಾರ ಬೇಡ, ಎಣ್ಣೆ ಬೇಡ, ಬಾಡು ಬೇಡ. ಉಳಿದದ್ದು ಸಪ್ಪೆ ಗಂಜಿ, ಬನ್ನು, ಟೀ. ಅದನ್ನು ತಿನ್ನಲಿಲ್ಲವೆಂದು ಹಸಿವಿಗೆ ಔಷಧ! ನಲವತ್ತರ ವಯಸ್ಸಿನವರಿಗೆ ಹಾಕಿದ ಪಥ್ಯವನ್ನು ಸೊರಗುತ್ತಿರುವ ಎಂಬತ್ತೈದರವರ ಮೇಲೆ ಹೇರಬಾರದು, ಸಡಿಲಿಸಬೇಕು ಎಂಬುದು ವೃದ್ಧವೈದ್ಯದಲ್ಲಿ ಈಗ ಸಾಮಾನ್ಯ ಜ್ಞಾನ. ಅಮೆರಿಕದ ವೃದ್ಧವೈದ್ಯರ ಸಂಘ ಹತ್ತು ವರ್ಷಕ್ಕೂ ಹಿಂದೆಯೇ ಹೇಳಿದ್ದು ಇದು: ಮುದುಕರ ಹಸಿವಿಗೆ ಹಸಿವೇರಿಸುವ ಮದ್ದು ಬರೆಯಬೇಡಿ, ಅಡ್ಡಿಯಾಗುವ ಗುಳಿಗೆ ನಿಲ್ಲಿಸಿ, ಇಷ್ಟವಾದ ಊಟ ಕೊಡಿ, ಉಣ್ಣಲು ಪಕ್ಕದಲ್ಲಿ ಕೂತು ನೆರವಾಗಿ.

ಪಕ್ಕದಲ್ಲಿ ಕೂರುವವರೇ ಇಲ್ಲ ಎಂಬಲ್ಲಿಗೆ ಮಾತು ಬರುತ್ತದೆ. ಹೆಂಡತಿ ಹೋದ ಮೇಲೆ ಒಬ್ಬರೇ ಉಳಿದ ಗಂಡಸರು ಈ ಊರುಗಳಲ್ಲಿ ಹೇಗೆ ಉಣ್ಣುತ್ತಾರೆಂದು ಯಾರು ನೋಡಿದ್ದಾರೆ? ಬೆಳಿಗ್ಗೆ ಮಾಡಿಟ್ಟದ್ದು ರಾತ್ರಿಗೆ ತಣ್ಣಗೆ. ಮನಸ್ಸು ಕುಸಿದದ್ದು ಮುದುಕರಲ್ಲಿ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ‘ಬಾಯಿಗೆ ಏನೂ ಸೇರಲ್ಲಪ್ಪ’ ಎಂದು ಬರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕು ಇರುವುದು ಇಂಥವರಿಗೂ ಹೌದು, ಆದರೆ ಮುದುಕರನ್ನು ಅಲ್ಲಿಗೆ ಕರೆದೊಯ್ಯುವುದು ಮರ್ಯಾದೆಗೆ ಕಡಿಮೆ ಎಂದುಕೊಂಡವರೇ ಗಾಂಜಾ ಗಿಡದ ಎಣ್ಣೆಯನ್ನು ಹೆಮ್ಮೆಯಿಂದ ತರುತ್ತಾರೆ.

‘ನಮ್ಮಮ್ಮನಿಗೆ ಕೊಟ್ಟೆವು, ತಿಂದರು’ ಎಂಬ ಸಾಕ್ಷ್ಯ ಪ್ರತಿ ಸಂಭಾಷಣೆಯಲ್ಲೂ ಬರುತ್ತದೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹನಿ ಲೆಕ್ಕ ಹಾಕಲು ಮಗಳು ಹದಿನೈದು ದಿನ ರಜೆ ಹಾಕಿ ಬಂದಳು, ಹೊತ್ತೊತ್ತಿಗೆ ಎಬ್ಬಿಸಿ ಕೂರಿಸಿದಳು, ಬಿಸಿ ಅಡುಗೆ ಮಾಡಿದಳು, ಎದುರಿಗೆ ಕೂತು ಉಂಡಳು. ಅಮ್ಮ ತಿಂದದ್ದು ಯಾವುದರಿಂದ ಎಂದು ಸೀಸೆ ಹೇಳುವುದಿಲ್ಲ. ಹುಸಿ ಔಷಧ ಕುಡಿದ ಗುಂಪನ್ನು ಪ್ರಯೋಗಗಳಲ್ಲಿ ಇಟ್ಟುಕೊಳ್ಳುವುದೇ ಈ ಗೊಂದಲ ಬಿಡಿಸಲು. ಆಸ್ಟ್ರೇಲಿಯಾದಲ್ಲಿ ಕ್ಯಾನ್ಸರ್ ಮುಂದುವರಿದ 144 ರೋಗಿಗಳಿಗೆ ಸಿಬಿಡಿ ಎಣ್ಣೆ ಅಥವಾ ಹುಸಿ ಎಣ್ಣೆ ಕೊಟ್ಟು ನೋಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಉಪಶಮನ ಆರೈಕೆಯ ಮೇಲೆ ಸಿಬಿಡಿ ಹೆಚ್ಚಿನದೇನನ್ನೂ ಸೇರಿಸಲಿಲ್ಲ. ಕೊನೆಯ ದಿನಗಳಲ್ಲಿ ದೇಹ ಊಟ ಬೇಡವೆನ್ನುವುದು ಸಹಜ. ಆಗ ಬಲವಂತವಾಗಿ ಉಣ್ಣಿಸುವುದೂ ಬೇಡ, ಎಣ್ಣೆಯೂ ಬೇಡ. ಆದರೆ ಅದು ಕೊನೆಯ ದಿನಗಳೇ ಎಂದು ತೀರ್ಮಾನಿಸಬೇಕಾದವರು ನೋಡಿ ಪರೀಕ್ಷಿಸಿದ ವೈದ್ಯರು, ವಾಟ್ಸಾಪಿನ ನೆಂಟರಲ್ಲ.

ಹಣದ ಮಾತೂ ಇದೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಸೀಸೆಯ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಅದೇ ದುಡ್ಡಿನಲ್ಲಿ ದಿನಕ್ಕೊಂದು ಮೊಟ್ಟೆ, ಹಾಲು, ಹುರಿದು ಪುಡಿ ಮಾಡಿದ ಕಡಲೆಕಾಯಿ ಬೆಲ್ಲದುಂಡೆ ತಿಂಗಳೆಲ್ಲ ಬರುತ್ತವೆ, ಹಲ್ಲಿನ ಡಾಕ್ಟರ ಫೀಜೂ ಮಿಗಬಹುದು. ಅದಕ್ಕೂ ಮೊದಲು ಒಂದು ತೂಕದ ಯಂತ್ರ. ಹದಿನೈದು ಕೆಜಿಯ ಟೊಮೆಟೊ ಬಾಕ್ಸನ್ನು ಎತ್ತಿದ ಕೂಡಲೇ ಅರ್ಧ ಕೆಜಿ ಕಡಿಮೆಯಿದೆ ಎನ್ನುವ ಮನೆಯಲ್ಲಿ ಅಜ್ಜಿಯ ತೂಕ ಎಷ್ಟೆಂದು ಕೇಳಿದರೆ ಉತ್ತರವಿರುವುದಿಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೆ, ಐವತ್ತು ಕೆಜಿಯವರು ನಲವತ್ತೇಳೂವರೆಗೆ ಬಂದರೆ, ಅದು ವಯಸ್ಸಿನ ಲೆಕ್ಕಕ್ಕೆ ಹಾಕುವ ಸಂಗತಿಯಲ್ಲ. ಕಫ, ರಕ್ತ, ಥೈರಾಯ್ಡ್, ಎದೆಯ ಎಕ್ಸ್‌ರೇ ಮಾಡಿಸಬೇಕು. ಊಟ ಬೇಡವೋ, ಬೇಕಾದರೂ ನುಂಗಲಾಗುವುದಿಲ್ಲವೋ, ನುಂಗಿದ ಮೇಲೆ ನೋಯುತ್ತದೋ, ಎಷ್ಟು ದಿನದಿಂದ ಮಲ ಹೋಗಿಲ್ಲ ಎಂದು ಎದುರು ಕೂತು ಕೇಳಬೇಕು. ಈ ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಸೀಸೆ ಈಗಾಗಲೇ ಮನೆಗೆ ಬಂದಿದ್ದರೆ ಅದನ್ನು ಗುಳಿಗೆಗಳ ಚೀಲದಲ್ಲೇ ಹಾಕಿಕೊಂಡು ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಜಿಲ್ಲಾ ಆಸ್ಪತ್ರೆಗೋ ತೆಗೆದುಕೊಂಡು ಹೋಗಿ. ಗಾಂಜಾ ಗಿಡದ್ದೆಂದು ನಾಚಿಕೆಪಟ್ಟು ಮುಚ್ಚಿಡಬೇಡಿ. ಎಷ್ಟು ಹನಿ, ಯಾವಾಗಿನಿಂದ ಎಂದು ಹೇಳಿ. ರಕ್ತ ತೆಳುಗೊಳಿಸುವ ಗುಳಿಗೆಯೋ ಮೂರ್ಛೆಯ ಗುಳಿಗೆಯೋ ಇದ್ದರೆ ಅದನ್ನು ಮೊದಲೇ ಹೇಳಿ. ಯಕೃತ್ತಿನ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ, ಏಕೆಂದರೆ ಕೇಳದಿದ್ದರೆ ಈ ಎಣ್ಣೆಯ ವಿಷಯ ಗೊತ್ತಿಲ್ಲದ ಡಾಕ್ಟರಿಗೆ ಅದು ಹೊಳೆಯುವುದಿಲ್ಲ.